ಸರ್ವರ್ ಲಾಗಿನ್ ವಿಳಂಬವೇ? ‘ರಿವರ್ಸ್ ಲುಕಪ್’ ಪರೀಕ್ಷಿಸಿ

ಕಚೇರಿಯ ಸರ್ವರ್‌ಗೆ ಲಾಗಿನ್ ಆಗಲು ಹತ್ತಾರು ಸೆಕೆಂಡ್ ಕಾಯಬೇಕು. ಒಳಹೊಕ್ಕ ಬಳಿಕ ಎಲ್ಲವೂ ಸರಾಗ. ಇಂಥ ಸಂದರ್ಭದಲ್ಲಿ ಕೇಬಲ್ ಬದಲಿಸುವ ಮುನ್ನ ‘ರಿವರ್ಸ್ ಲುಕಪ್’ ವ್ಯವಸ್ಥೆಯನ್ನು ಪರೀಕ್ಷಿಸುವುದು ಒಳಿತು.

ಏನಿದು?

ಗಣಕಯಂತ್ರದ ಹೆಸರಿನಿಂದ ಅದರ ಐಪಿ ವಿಳಾಸವನ್ನು ತಿಳಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ವಿಳಾಸದಿಂದ ಹೆಸರನ್ನು ಹುಡುಕುವುದೇ ರಿವರ್ಸ್ ಲುಕಪ್. ಇದಕ್ಕೆ ‘ಪಿಟಿಆರ್’ ಎಂಬ ಪ್ರತ್ಯೇಕ ದಾಖಲೆ ಅಗತ್ಯ. ಹೆಸರಿನ ದಾಖಲೆ ಇದ್ದ ಮಾತ್ರಕ್ಕೆ ಇದು ತಾನಾಗಿ ಸೃಷ್ಟಿಯಾಗುವುದಿಲ್ಲ. ಹುಡುಕಾಟದಲ್ಲಿ ವಿಳಾಸದ ಭಾಗಗಳು ಹಿಂದುಮುಂದಾಗುತ್ತವೆ: 192.168.1.25 ಎಂಬುದನ್ನು 25.1.168.192 ಎಂದು ಬರೆದು, ಕೊನೆಗೆ ‘ಇನ್-ಆಡ್ರ್.ಆರ್ಪಾ’ ಸೇರಿಸಲಾಗುತ್ತದೆ.

ವಿಳಂಬ ಏಕೆ?

10, 172.16ರಿಂದ 172.31 ಹಾಗೂ 192.168 ಸರಣಿಯ ವಿಳಾಸಗಳು ಖಾಸಗಿ ಜಾಲಗಳಿಗೆ ಮೀಸಲು. ಅವುಗಳ ಹೆಸರು ಹೊರಗಿನ ಅಂತರಜಾಲಕ್ಕೆ ತಿಳಿದಿರದು. ‘ಹೆಸರಿಲ್ಲ’ ಎಂಬ ಉತ್ತರ ತಕ್ಷಣ ಬಂದರೆ ತೊಂದರೆಯಿಲ್ಲ. ಉತ್ತರವೇ ಬಾರದಿದ್ದಾಗ ವಿಳಂಬವಾಗುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಪ್ರತಿ ಯತ್ನಕ್ಕೆ 5 ಸೆಕೆಂಡ್‌ನಂತೆ ಎರಡು ಬಾರಿ ಕಾಯುತ್ತದೆ. ಎರಡು ಡಿಎನ್‌ಎಸ್ ಸರ್ವರ್‌ಗಳನ್ನು ನಮೂದಿಸಿದ್ದು, ಎರಡೂ ಉತ್ತರಿಸದಿದ್ದರೆ ಕಾಯುವಿಕೆ 20 ಸೆಕೆಂಡ್ ಮುಟ್ಟುತ್ತದೆ.

ಪತ್ತೆ ಹೇಗೆ?

* ಲಾಗಿನ್ ನಿಧಾನವಾಗಿರುವ ಸರ್ವರ್‌ನಲ್ಲಿಯೇ ‘ಎನ್‌ಎಸ್‌ಲುಕಪ್’ ಆದೇಶದೊಂದಿಗೆ ಬಳಕೆದಾರರ ಯಂತ್ರದ ಐಪಿ ವಿಳಾಸ ನೀಡಿ.
* ಹೆಸರಿಲ್ಲವೆಂಬ ಉತ್ತರ ಕೂಡಲೇ ಬಂದರೆ ಪಿಟಿಆರ್ ದಾಖಲೆ ಇಲ್ಲವೆಂದರ್ಥ.
* ‘ಟೈಮ್ಡ್ ಔಟ್’ ಎಂದು ಬಂದರೆ, ಸರ್ವರ್‌ನಲ್ಲಿ ನಮೂದಾಗಿರುವ ಡಿಎನ್‌ಎಸ್ ವಿಳಾಸ ಸರಿಯಿದೆಯೇ, ಫೈರ್‌ವಾಲ್ ತಡೆಯುತ್ತಿದೆಯೇ ನೋಡಿ.
* ಬೇರೆ ಯಂತ್ರದ ಹೆಸರು ಬಂದರೆ ಎಚ್ಚರ. ಡಿಎಚ್‌ಸಿಪಿ ಮೂಲಕ ವಿಳಾಸ ಬೇರೆಯವರಿಗೆ ಹಂಚಿಕೆಯಾಗಿದ್ದರೂ ಹಳೆಯ ದಾಖಲೆ ಉಳಿದಿರಬಹುದು. ಆಗ ಒಬ್ಬರ ಚಟುವಟಿಕೆ ಮತ್ತೊಬ್ಬರ ಗಣಕಯಂತ್ರದ ಹೆಸರಿನಲ್ಲಿ ಲಾಗ್ ಕಡತ ಸೇರುತ್ತದೆ. ನಿರಪರಾಧಿ ಸಿಬ್ಬಂದಿ ವಿವರಣೆ ನೀಡಬೇಕಾದೀತು.

ಪರಿಹಾರವೇನು?

ಕಚೇರಿಯ ಡಿಎನ್‌ಎಸ್ ಸರ್ವರ್‌ನಲ್ಲಿ ‘ರಿವರ್ಸ್ ಜೋನ್’ ರಚಿಸಿ, ಸ್ಥಿರ ವಿಳಾಸದ ಪ್ರತಿ ಯಂತ್ರಕ್ಕೂ ಪಿಟಿಆರ್ ದಾಖಲೆ ಸೇರಿಸಬೇಕು. ಉಳಿದವನ್ನು ಡಿಎಚ್‌ಸಿಪಿ ತಾನಾಗಿ ನವೀಕರಿಸುವಂತೆ ವ್ಯವಸ್ಥೆಗೊಳಿಸಬಹುದು. ಸ್ವಂತ ಡಿಎನ್‌ಎಸ್ ಇಲ್ಲದ ಸಣ್ಣ ಕಚೇರಿಗಳಿಗೆ ಸರ್ವರ್‌ನ ‘ಹೋಸ್ಟ್ಸ್’ ಕಡತವೇ ಸಾಕು. ಆದರೆ ಎನ್‌ಎಸ್‌ಲುಕಪ್ ಈ ಕಡತವನ್ನು ನೋಡುವುದಿಲ್ಲ ಎಂಬುದು ನೆನಪಿರಲಿ.

ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ 2015ರ 6.8ನೇ ಆವೃತ್ತಿಯಿಂದ ‘ಯೂಸ್‌ಡಿಎನ್‌ಎಸ್’ ಆಯ್ಕೆ ಮೂಲತಃ ನಿಷ್ಕ್ರಿಯವಾಗಿರುತ್ತದೆ. ಹಳೆಯ ಸರ್ವರ್‌ಗಳಲ್ಲಿಯೂ ಅದನ್ನು ನಿಷ್ಕ್ರಿಯಗೊಳಿಸಿದರೆ ಲಾಗಿನ್ ವಿಳಂಬ ತಗ್ಗುತ್ತದೆ. ಆದರೆ ತಪ್ಪು ದಾಖಲೆಗಳು ಹಾಗೆಯೇ ಉಳಿಯುವುದರಿಂದ ಇದನ್ನು ತಾತ್ಕಾಲಿಕ ಉಪಶಮನವೆಂದು ಮಾತ್ರ ಪರಿಗಣಿಸಬೇಕು.