ಸಂದರ್ಶನದ ಪ್ರಶ್ನೆಗೂ ಒಂದು ಚರಿತ್ರೆ



ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಉದ್ಯೋಗ ಅರಸಿ ಹೊರಟವರು ಇಂದು ಊರೂರಲ್ಲೂ ಇದ್ದಾರೆ. ಅವರಲ್ಲಿ ಹಲವರಿಗೆ ಪರೀಕ್ಷೆಗಿಂತ ಸಂದರ್ಶನದ ಭಯವೇ ಹೆಚ್ಚು. ಏನು ಕೇಳುತ್ತಾರೆ? ಹೇಗೆ ಉತ್ತರಿಸಬೇಕು? ಈ ಪ್ರಶ್ನೆಗಳಿಗೂ ಒಂದು ಚರಿತ್ರೆಯಿದೆ. ಅದನ್ನು ತಿಳಿದವರಿಗೆ ಸಿದ್ಧತೆಯ ದಾರಿಯೂ ತಾನಾಗಿ ತೆರೆಯುತ್ತದೆ.

ಮೊದಲು ನಮ್ಮ ನೆಲದ ಸಂಗತಿ ನೋಡೋಣ. 1960ರಲ್ಲಿ ಸುರತ್ಕಲ್ಲಿನಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಬಹುಕಾಲ ಈ ಭಾಗದ ಮಕ್ಕಳಿಗೆ ತಾಂತ್ರಿಕ ಶಿಕ್ಷಣವೆಂದರೆ ಮನೆ ಬಿಟ್ಟು ಹೊರಡುವುದೇ ಆಗಿತ್ತು. 1986ರಲ್ಲಿ ಕುರುಂಜಿ ವೆಂಕಟ್ರಮಣ ಗೌಡರ ಪ್ರಯತ್ನದಿಂದ ಸುಳ್ಯದಲ್ಲಿಯೇ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು. ಅದೇ ವರ್ಷ ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆಯೂ ಆರಂಭವಾಯಿತು. ಒಂದು ಕಡೆ ಕೊಕ್ಕೋ ಬೆಳೆಗೆ, ಇನ್ನೊಂದು ಕಡೆ ಮಕ್ಕಳ ಬುದ್ಧಿಗೆ, ಎರಡಕ್ಕೂ ಊರಿನಲ್ಲೇ ನೆಲೆ ಸಿಕ್ಕಿತು. 2001ರಲ್ಲಿ ಪುತ್ತೂರಿನಲ್ಲಿ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು ಬಂತು.

ಆದರೆ ಉದ್ಯೋಗವಿದ್ದುದು ಘಟ್ಟದ ಮೇಲೆ. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ನೆಲೆಯೂರಿತು. ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರದವರೆಗೆ 57 ಸುರಂಗಗಳನ್ನು ದಾಟುವ ಘಟ್ಟದ ರೈಲು ಹಳಿ ಬದಲಾವಣೆಗಾಗಿ ನಿಂತುಹೋಗಿ, ಪ್ರಯಾಣಿಕರಿಗೆ ಮತ್ತೆ ದೊರೆತದ್ದು 2007ರ ಡಿಸೆಂಬರಿನಲ್ಲಿ. ಸಾಫ್ಟ್‌ವೇರ್ ಉದ್ಯಮ ಭರದಿಂದ ಬೆಳೆಯುತ್ತಿದ್ದ ಆ ವರ್ಷಗಳಲ್ಲಿ ರಾತ್ರಿ ಬಸ್ಸೇ ಗತಿ. ಬೆಳಿಗ್ಗೆ ಇಳಿದು, ಮುಖ ತೊಳೆದು, ನೇರವಾಗಿ ಸಂದರ್ಶನದ ಕೋಣೆಗೆ!

ಆ ಕೋಣೆಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳು ಎಲ್ಲಿಂದ ಬಂದವು? ಕಂಪ್ಯೂಟರ್ ಹೊಸದಾಗಿದ್ದ ಕಾಲದಲ್ಲಿ ಪ್ರೋಗ್ರಾಂ ಬರೆಯಲು ಕಲಿತವರೇ ಇರಲಿಲ್ಲ. ಆದ್ದರಿಂದ 1955ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪನಿ ಒಂದು ಸಾಮರ್ಥ್ಯ ಪರೀಕ್ಷೆ ರೂಪಿಸಿತು. ಸಂಖ್ಯೆಗಳ ಸರಣಿ, ಆಕೃತಿಗಳ ಹೋಲಿಕೆ, ಲೆಕ್ಕದ ತರ್ಕ, ಇವೇ ಅದರ ಅಂಗಗಳು. ತಿಳಿದದ್ದನ್ನು ಅಳೆಯಲಾಗದಿದ್ದಾಗ ಕಲಿಯುವ ಶಕ್ತಿಯನ್ನು ಅಳೆದರು. ನಮ್ಮಲ್ಲೂ ಒಗಟಿನ ಪ್ರಶ್ನೆಗಳ ಕಾಲವೊಂದಿತ್ತು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಒಗಟಿನ ಪುಸ್ತಕಗಳು ಆಗ ಉದ್ಯೋಗಾಕಾಂಕ್ಷಿಗಳ ಕೈಯಲ್ಲಿದ್ದವು. ಆಮೇಲೆ 'ಸಿ' ಭಾಷೆಯ ಪ್ರಶ್ನೆಗಳು ಬಂದವು. ಯಶವಂತ ಕಾನೇಟ್ಕರ್ ಅವರ ಪುಸ್ತಕ ಹಾಸ್ಟೆಲಿನ ಕೋಣೆಗಳಲ್ಲಿ ಕೈಯಿಂದ ಕೈಗೆ ಸಾಗಿತು. ಬಳಿಕ ಹುಡುಕುವ, ಜೋಡಿಸುವ ಕ್ರಮವಿಧಿಗಳನ್ನು ಎದುರಿಗೇ ಬರೆದು ತೋರಿಸುವ ಪದ್ಧತಿ ಬಂತು.

ಅಂಥ ಒಂದು ಪ್ರಶ್ನೆಯನ್ನೇ ಪರೀಕ್ಷಿಸೋಣ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟೆಲ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಒಂದು ಪದ ಬೇಕಾದರೆ ನೀವು ಮೊದಲ ಪುಟದಿಂದ ಓದುತ್ತೀರಾ? ಇಲ್ಲ. ನಡುವೆ ತೆರೆದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಅರ್ಧವನ್ನು ಕೈಬಿಡುತ್ತೀರಿ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ 70,000 ಪದಗಳಲ್ಲಿ ಯಾವುದೇ ಆದರೂ ಹೆಚ್ಚೆಂದರೆ 17 ಹೆಜ್ಜೆಗಳಲ್ಲಿ ಸಿಗುತ್ತದೆ. ಇದೇ 'ಬೈನರಿ ಸರ್ಚ್'.

ಎಷ್ಟು ಸುಲಭ ಅನ್ನಿಸುತ್ತದೆ ಅಲ್ಲವೇ? ಚರಿತ್ರೆ ಬೇರೆಯೇ ಹೇಳುತ್ತದೆ. ಈ ವಿಧಾನ ಮೊದಲು ಪ್ರಕಟವಾದದ್ದು 1946ರಲ್ಲಿ. ದೋಷವಿಲ್ಲದ ರೂಪ ಅಚ್ಚಾದದ್ದು 1962ರಲ್ಲಿ ಎಂದು ಜಾನ್ ಬೆಂಟ್ಲಿ ಎಂಬ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತರನ್ನು ಆಧರಿಸಿ ಬರೆದಿದ್ದಾರೆ. ಬೆಂಟ್ಲಿಯವರು ಅನುಭವಿ ಪ್ರೋಗ್ರಾಮರುಗಳಿಗೇ ಸಾಕಷ್ಟು ಸಮಯ ಕೊಟ್ಟು ಇದನ್ನು ಬರೆಯಿಸಿದರು. ನೂರರಲ್ಲಿ ಸುಮಾರು ತೊಂಬತ್ತು ಮಂದಿಯ ಬರಹದಲ್ಲಿ ತಪ್ಪಿತ್ತು! ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಬೆಂಟ್ಲಿಯವರ ಸ್ವಂತ ಪುಸ್ತಕದ ರೂಪದಲ್ಲೂ ಒಂದು ದೋಷ ಅಡಗಿತ್ತು. ಅದನ್ನು ಅನುಸರಿಸಿ ಜಾವಾ ಭಾಷೆಗೆ ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಬಹಿರಂಗವಾಗಿ ತಿಳಿಸಿದರು. ನಡುವಿನ ಸ್ಥಾನ ತಿಳಿಯಲು ಕೆಳಗಿನ ಮತ್ತು ಮೇಲಿನ ಸಂಖ್ಯೆಗಳನ್ನು ಕೂಡಿಸಿ ಎರಡರಿಂದ ಭಾಗಿಸುತ್ತಾರೆ. ಪಟ್ಟಿ ನೂರು ಕೋಟಿಯನ್ನು ಮೀರಿ ಬೆಳೆದರೆ ಆ ಮೊತ್ತ ಯಂತ್ರದ ಸಂಖ್ಯೆಯ ಮಿತಿಯಾದ 2,147,483,647ನ್ನು ದಾಟಿ ಋಣ ಸಂಖ್ಯೆಯಾಗಿಬಿಡುತ್ತದೆ. ಪರಿಹಾರ ಸರಳ: ಎರಡರ ವ್ಯತ್ಯಾಸದ ಅರ್ಧವನ್ನು ಕೆಳಗಿನ ಸಂಖ್ಯೆಗೆ ಕೂಡಿಸಿದರಾಯಿತು.

ಇದರಿಂದ ಏನು ತಿಳಿಯುತ್ತದೆ? ಸಂದರ್ಶಕರು ಕೇಳುವುದು ಸಣ್ಣ ಪ್ರಶ್ನೆ, ನೋಡುವುದು ಅಂಚುಗಳನ್ನು. ಪಟ್ಟಿ ಖಾಲಿಯಿದ್ದರೆ? ಒಂದೇ ಪದವಿದ್ದರೆ? ಹುಡುಕುವ ಪದವೇ ಇಲ್ಲದಿದ್ದರೆ? ಒಗಟಿನ ಕಾಲ ಹೋಯಿತು, 'ಸಿ' ಭಾಷೆಯ ಸೂಕ್ಷ್ಮಗಳ ಕಾಲವೂ ಹೋಯಿತು. ಪ್ರಶ್ನೆಗಳನ್ನು ಉರು ಹೊಡೆದವರು ಪ್ರಶ್ನೆ ಬದಲಾದಾಗಲೆಲ್ಲ ಹಿಂದುಳಿದರು. ಇಂದು ಯಂತ್ರವೇ ಪ್ರೋಗ್ರಾಂ ಬರೆದು ಕೊಡುತ್ತದೆ. ಹಾಗೆ ಬರೆದದ್ದರಲ್ಲಿ ಅಂಚಿನ ತಪ್ಪನ್ನು ಕಾಣಬಲ್ಲವರ ಬೆಲೆ ಈಗ ಇನ್ನೂ ಹೆಚ್ಚಿದೆ.

ಇನ್ನೊಂದು ಮಾತು. ಮನೆಯಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ ಅಥವಾ ಬ್ಯಾರಿ; ಶಾಲೆಯಲ್ಲಿ ಕನ್ನಡ; ಸಂದರ್ಶನದಲ್ಲಿ ಇಂಗ್ಲಿಷು. ಲೆಕ್ಕ ಗೊತ್ತಿದ್ದೂ ಬಾಯಿ ಕಟ್ಟಿ ಕುಳಿತವರಿದ್ದಾರೆ. ಅವರು ಸೋತದ್ದು ಬುದ್ಧಿಯಲ್ಲಿ ಅಲ್ಲ. ಯೋಚನೆಯನ್ನು ಮಾತಾಗಿಸುವ ಅಭ್ಯಾಸ ಅವರಿಗೆ ಸಿಕ್ಕಿರಲಿಲ್ಲ, ಅಷ್ಟೆ. ಈ ಅಭ್ಯಾಸವಾದರೋ ನಮ್ಮ ಊರಿಗೆ ಹೊಸದಲ್ಲ. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರಂಥ ಅರ್ಥಧಾರಿಗಳು ಮೆರೆದ ನೆಲವಿದು. ತಾಳಮದ್ದಳೆಯಲ್ಲಿ ಬರೆದಿಟ್ಟ ಮಾತಿಲ್ಲ. ಪ್ರಸಂಗ ಗೊತ್ತಿರುತ್ತದೆ, ಪದ್ಯ ಗೊತ್ತಿರುತ್ತದೆ. ಆದರೆ ಎದುರಾಳಿ ಎತ್ತುವ ಪ್ರಶ್ನೆ ಗೊತ್ತಿರುವುದಿಲ್ಲ. ಅದನ್ನು ಕೇಳಿ, ಒಪ್ಪುವುದನ್ನು ಒಪ್ಪಿ, ಒಪ್ಪದ್ದಕ್ಕೆ ಕಾರಣ ಕೊಟ್ಟು ಮುಂದುವರಿಯಬೇಕು. ತಾಂತ್ರಿಕ ಸಂದರ್ಶನವೂ ಹಾಗೆಯೇ.

ಆದುದರಿಂದ ಮಿತ್ರರೇ, ಇಂದಿನಿಂದಲೇ ಇಬ್ಬಿಬ್ಬರಾಗಿ ಕುಳಿತುಕೊಳ್ಳಿ. ಒಬ್ಬರು ಸಮಸ್ಯೆ ಕೊಡಲಿ. ಇನ್ನೊಬ್ಬರು ಕಾಗದದ ಮೇಲೆ ಬರೆಯುತ್ತಾ, ಬರೆದದ್ದನ್ನು ಗಟ್ಟಿಯಾಗಿ ವಿವರಿಸಲಿ. ಮೊದಲು ನಿಮ್ಮ ಮಾತಿನಲ್ಲಿ, ಅನಂತರ ಇಂಗ್ಲಿಷಿನಲ್ಲಿ. ತಿಳಿಯದ್ದನ್ನು ತಿಳಿಯದು ಎನ್ನಲು ಅಂಜಬೇಡಿ. ಹದಿನಾರು ವರ್ಷ ಪಂಡಿತರನ್ನೇ ಕಾಡಿದ ಪ್ರಶ್ನೆ ನಿಮ್ಮನ್ನು ಹದಿನಾರು ನಿಮಿಷ ಕಾಡಿದರೆ ನಾಚಿಕೆಪಡಬೇಕಾದದ್ದು ಏನೂ ಇಲ್ಲ.