ಆತಕೂರಿನ ಕಾಳಿ

ಕನ್ನಡನಾಡಿನಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ತುರುಗೊಳಿನಲ್ಲಿ ಮಡಿದವರಿಗೂ ಊರಳಿವಿನಲ್ಲಿ ಕಾದಿ ಸತ್ತವರಿಗೂ ನಿಲ್ಲಿಸಿದ ಕಲ್ಲುಗಳು ಕೆರೆಯೇರಿಗಳ ಮೇಲೂ ಗುಡಿಗಳ ಮುಂದೆಯೂ ಎಷ್ಟೋ ಕಾಣಸಿಗುತ್ತವೆ. ಆದರೆ ಒಂದು ನಾಯಿಯ ಮರಣವನ್ನು ನೆನೆದು, ಅದರ ಹೆಸರಿನಲ್ಲಿ ಭೂದಾನವನ್ನೂ ಪೂಜೆಯನ್ನೂ ವಿಧಿಸಿದ ಕಲ್ಲು ಅಪೂರ್ವವಾದುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಶಿಲಾಶಾಸನವು ಅಂತಹುದು.

ಶಾಸನದ ಕಾಲವು ಶಕ ವರ್ಷ 872, ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದಾಗ, ಗಂಗರ ಇಮ್ಮಡಿ ಬೂತುಗನು ಚೋಳನ ಆನೆಯ ಅಂಬಾರಿಯನ್ನೇ ರಣರಂಗವಾಗಿ ಮಾಡಿಕೊಂಡು ಆತನನ್ನು ಕೊಂದನೆಂದು ಈ ಕಲ್ಲು ಸಾರುತ್ತದೆ. ಮೆಚ್ಚಿದ ಕೃಷ್ಣನು ಬೂತುಗನಿಗೆ ಬನವಾಸಿ ಹನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನಿತ್ತನು. ಬೂತುಗನ ಮುಂದೆ ನಿಂತು ಕಾದಿದ ಮಣಲೆರನೆಂಬ ವೀರನಿಗೆ ಆತಕೂರು ಹನ್ನೆರಡೂ ಬೆಳ್ವೊಲದ ಒಂದು ಊರೂ ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದ ಮರ್ಯಾದೆಯಾಗಿ, ದೊರೆತವು.

ಆದರೆ ಮಣಲೆರನು ಬಾಯಿಬಿಟ್ಟು ಬೇಡಿದ್ದು ಊರನ್ನಲ್ಲ. ಬೇಕಾದುದನ್ನು ಬೇಡೆಂಬ ಮಾತು ಬಂದಾಗ ಆತನು ಕಾಳಿಯೆಂಬ ನಾಯಿಯನ್ನು ದಯಪಾಲಿಸಬೇಕೆಂದು ಕೇಳಿ ಪಡೆದನು. ಮುಂದೆ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಒಂದು ಹೆಗ್ಗಾಡುಹಂದಿಯ ಮೇಲೆ ಕಾಳಿಯನ್ನು ಬಿಡಲು, ಹಂದಿಯೂ ನಾಯಿಯೂ ಒಡನೆ ಸತ್ತವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಹೋರುವ ಚಿತ್ರವನ್ನು ಕಂಡರಿಸಲಾಗಿದೆ.

ಶಾಸನದ ಕೊನೆಯ ಕಟ್ಟಳೆಯು ವಿಶೇಷವಾಗಿ ವಿಚಾರಾರ್ಹವಾಗಿದೆ. ಆ ಭೂಮಿಯನ್ನು ಕೆಡಿಸಿದವನಿಗೂ, ಕಲ್ಲನ್ನು ಪೂಜಿಸದೆ ಉಂಡ ಸ್ಥಾನದ ಗೊರವನಿಗೂ ಆ ನಾಯಿ ಗೈದ ಪಾಪವು ತಟ್ಟುವುದೆಂದು ಅಲ್ಲಿ ವಿಧಿಸಿದೆ. ಆಚಾರವಂತರು ಅಂಗಳದಾಚೆ ನಿಲ್ಲಿಸುವ ಪ್ರಾಣಿಗೆ ಶಿವಾಲಯದ ಮುಂದೆಯೇ ಸ್ಥಾನ. ಅದನ್ನು ಅರ್ಚಿಸಿದ ಮೇಲೆಯೇ ಅರ್ಚಕನಿಗೆ ಅನ್ನ! ಕಾಳಿಯು ಮಡಿದುದು ಬೇಟೆಯಲ್ಲಿ, ಯುದ್ಧದಲ್ಲಲ್ಲ, ನಿಜ. ಆದರೂ ಅದು ಯುದ್ಧದ ಪರಾಕ್ರಮಕ್ಕೆ ಸಂದ ಪಾರಿತೋಷಕ. ವೀರನಿಗೆ ಸಲ್ಲುವ ಮರಣಮರ್ಯಾದೆಯು ಅದಕ್ಕೂ ಸಂದಿತು. ದಖ್ಖನದ ಚರಿತ್ರೆಯಲ್ಲಿ ಮುಖ್ಯವಾದ ಒಂದು ಕದನದ ವಿವರವು ನಾಯಿಯ ಕಲ್ಲಿನಿಂದಲೇ ನಮಗೆ ತಿಳಿದುಬಂದಿರುವುದು ಸಣ್ಣ ಸಂಗತಿಯಲ್ಲ.

ಈ ಸಂಬಂಧವು ಇಂದಿಗೂ ಅಳಿದಿಲ್ಲ. ಬನಶಂಕರಿ, ಜೆ.ಪಿ. ನಗರಗಳನ್ನು ದಾಟಿ ಕನಕಪುರದ ದಾರಿ ಹಿಡಿದರೆ ಸಿಗುವ ತರಳು ಗ್ರಾಮದಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ಶ್ವಾನ ತರಬೇತಿ ಶಾಲೆಯಿದೆ. 2016ರಲ್ಲಿ ಮುಧೋಳದ ಬೇಟೆನಾಯಿಗಳು ತರಬೇತಿಗಾಗಿ ಮೀರತ್ತಿನ ಸೇನಾಕೇಂದ್ರವನ್ನು ಸೇರಿದವು. 2023ರ ಸೆಪ್ಟೆಂಬರಿನಲ್ಲಿ ಜಮ್ಮುವಿನ ರಜೌರಿಯಲ್ಲಿ ಕೆಂಟ್ ಎಂಬ ಸೇನೆಯ ನಾಯಿಯು ತನ್ನ ಪಾಲಕ ಯೋಧನನ್ನು ಕಾಯುತ್ತ ಗುಂಡಿಗೆ ಬಲಿಯಾದಾಗ, ಅದರ ದೇಹಕ್ಕೆ ರಾಷ್ಟ್ರಧ್ವಜವನ್ನು ಹೊದಿಸಿ ಗೌರವಿಸಿದರು.

ಆತಕೂರಿನ ಕಲ್ಲು ಇಂದು ಗುಡಿಯ ಮುಂದಿಲ್ಲ. ಅದನ್ನು ಪೂಜಿಸಬೇಕಾದ ಗೊರವನೂ ಇಲ್ಲ. ಅರ್ಚನೆ ನಿಂತ ಮೇಲೆ ಉಳಿಯುವ ಸೇವೆಯೆಂದರೆ ಅಕ್ಷರಗಳನ್ನು ಓದುವುದು. ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವ ತಂದೆತಾಯಿಗಳು ಈ ಕಲ್ಲಿನ ಕಥೆಯನ್ನು ಹೇಳಿಕೊಟ್ಟರೆ ಕಾಳಿಯ ಋಣವು ಕಿಂಚಿತ್ತಾದರೂ ಸಂದಂತಾಗುವುದು.