ಮೆಶ್ ತಪ್ಪಿದರೆ: ಸ್ಲೈಪ್ನರ್‌ನಿಂದ ಕತಾರಿನವರೆಗೆ



1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಂಗರ್ ಬಳಿ ಸ್ಲೈಪ್ನರ್-ಎ ಅನಿಲ ವೇದಿಕೆಯ ಕಾಂಕ್ರೀಟ್ ತಳಭಾಗ ಸಮುದ್ರದ ಪಾಲಾಯಿತು. ಡೆಕ್ ಜೋಡಿಸುವ ಮೊದಲು ಅದನ್ನು ನೀರು ತುಂಬಿಸಿ ಆಳಕ್ಕಿಳಿಸುವ ಪರೀಕ್ಷೆ ನಡೆದಿತ್ತು. ಸುಮಾರು 65 ಮೀಟರ್ ಆಳದಲ್ಲಿ ಒಂದು ಗೋಡೆ ಬಿರಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ತನಿಖೆಯಲ್ಲಿ ಕಂಡ ಕಾರಣಗಳಲ್ಲಿ ಮುಖ್ಯವಾದದ್ದು ಮೆಶ್. ಗೋಡೆಗಳು ಕೂಡುವ ಮೂಲೆಯಲ್ಲಿ ಎಲಿಮೆಂಟುಗಳು ದೊಡ್ಡದಾಗಿ, ಸೊಟ್ಟಗಿದ್ದವು. ಕತ್ತರಿ ಒತ್ತಡದ ಲೆಕ್ಕ ಶೇ. 47ರಷ್ಟು ಕಡಿಮೆ ಬಂದಿತ್ತು. ಅಲ್ಲಿನ ಕಬ್ಬಿಣದ ಜೋಡಣೆಯೂ ಸಾಲದಾಗಿತ್ತು. ಬಲೆಯ ಕಣ್ಣು ದೊಡ್ಡದಾದರೆ ಮೀನು ಜಾರುತ್ತದೆಂದು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ.

ಆದರೆ ಕಣ್ಣು ಕಿರಿದಾದರಷ್ಟೇ ಸಾಲದು. 1980ರ ದಶಕದಲ್ಲಿ ನಮ್ಮ ಬೆಂಗಳೂರಿನ ಎನ್‌ಎಎಲ್‌ನಲ್ಲಿ ಗಂಗನ್ ಪ್ರತಾಪ್ ಅವರು 'ಲಾಕಿಂಗ್' ದೋಷದ ಮೂಲ ಹುಡುಕಿದರು. ಎಲಿಮೆಂಟಿನ ಸೂತ್ರವೇ ಹೊಂದದಿದ್ದರೆ ತೆಳುವಾದ ತೊಲೆ ಲೆಕ್ಕದಲ್ಲಿ ಇಲ್ಲದ ಬಿಗುವು ತೋರಿಸುತ್ತದೆ.

ಇನ್ನು ಕತಾರಿಗೆ ಬರೋಣ. 1996ರ ಕೊನೆಯಲ್ಲಿ ರಾಸ್ ಲಫಾನಿನಿಂದ ಮೊದಲ ಎಲ್‌ಎನ್‌ಜಿ ಹಡಗು ಹೊರಟಿತು. ಪೈಪಿನೊಳಗೆ ಮೈನಸ್ 162 ಡಿಗ್ರಿ, ಹೊರಗೆ ನಮಗೆಲ್ಲ ಗೊತ್ತಿರುವ ಬಿಸಿಲು. ಹರಿವು, ಲೋಹ, ಶಾಖ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕದೆ ವಿಧಿಯಿಲ್ಲ.

ಒಮ್ಮೆ ಇಂಥ ಪೈಪಿನ ಸಿಮ್ಯುಲೇಶನ್ ನನ್ನ ಕೈಯಲ್ಲಿತ್ತು. ಬಣ್ಣದ ಚಿತ್ರ ಚೆನ್ನಾಗಿತ್ತು, ರೆಸಿಡ್ಯುಯಲ್ ಇಳಿದಿತ್ತು. ಆದರೆ ಲೋಹ ಕಳೆದುಕೊಂಡ ಶಾಖಕ್ಕೂ ದ್ರವಕ್ಕೆ ಸೇರಿದ ಶಾಖಕ್ಕೂ ತಾಳೆಯಾಗಲಿಲ್ಲ. ಮೂರು ದಿನ ಟೈಮ್ ಸ್ಟೆಪ್ ಬದಲಿಸುತ್ತ ಕೂತೆ. ತಪ್ಪಿದ್ದುದು ಬಾಗಿದ ಎಲ್ಬೋದಲ್ಲಿ. ದ್ರವದ ಕಡೆ ಮೆಶ್ ನಯವಾಗಿತ್ತು, ಲೋಹದ ಕಡೆ ಒರಟಾಗಿತ್ತು. ನಡುವೆ ಕೂದಲೆಳೆಯಷ್ಟು ಸಂದು. ಕೆಲವು ನೋಡ್‌ಗಳಿಗೆ ಜೋಡಿಯೇ ಸಿಗದೆ, ಅವು ಆರಂಭದ ಉಷ್ಣತೆಯಲ್ಲೇ ಉಳಿದಿದ್ದವು. ಸಾಫ್ಟ್‌ವೇರ್ ಅದನ್ನು ಒಂದು ಸಣ್ಣ ಎಚ್ಚರಿಕೆಯಾಗಿ ತಿಳಿಸಿಯೂ ಇತ್ತು. ನಾನು ಓದಿರಲಿಲ್ಲ.

ಅಂದಿನಿಂದ ನನ್ನದೊಂದು ಕ್ರಮ. ಮೊದಲು ಹರಿವು, ಲೋಹ ಎರಡನ್ನೂ ಬೇರೆ ಬೇರೆಯಾಗಿ ಓಡಿಸುವುದು. ಆಮೇಲೆ ಅವು ಕೂಡುವ ಮೇಲ್ಮೈಯಲ್ಲಿ ಶಾಖ, ಬಲ ಎರಡನ್ನೂ ತಾಳೆ ನೋಡುವುದು. ಬಳಿಕ ಮೆಶ್ ಅರ್ಧಕ್ಕಿಳಿಸಿ ಉತ್ತರ ಬದಲಾಗುತ್ತದೆಯೇ ಎಂದು ನೋಡುವುದು. ಕೊನೆಗೆ ಕಾಗದದ ಮೇಲೆ ಕೈಲೆಕ್ಕ. ಸ್ಲೈಪ್ನರ್ ಮುಳುಗಿದ ಮೇಲೆ ಸೂಕ್ಷ್ಮವಾಗಿ ಮಾಡಿದ ಲೆಕ್ಕ 62 ಮೀಟರ್ ಎಂದಿತು. ಅದನ್ನು ಮೊದಲೇ ಮಾಡಬಹುದಿತ್ತು.

ಬಂಧುಗಳೇ, ಆ ಪೈಪುಗಳ ಕೆಳಗೆ ಪಾಳಿಯಲ್ಲಿ ನಿಲ್ಲುವವರಲ್ಲಿ ನಮ್ಮೂರಿನವರೂ ಇದ್ದಾರೆ. ವರದಿಗೆ ಸಹಿ ಹಾಕುವ ಮುನ್ನ ಎಚ್ಚರಿಕೆಯ ಸಾಲುಗಳನ್ನು ದಯವಿಟ್ಟು ಓದಿ.